ಒಂದೇ ತೂತಿಗೆ ಪರ್ಫರೇಷನ್ ಅಂತ ಹೇಳ್ತಾರಾ?

ಕಳೆದ ವರ್ಷ ಆಟಿ ತಿಂಗಳ ಒಂದು ರಾತ್ರಿ ಮಂಗಳೂರಿನ ಆಸ್ಪತ್ರೆಯೊಂದರ ವರಾಂಡದಲ್ಲಿ ಅತ್ತೆಯ ಜೊತೆ ನಿಂತಿದ್ದೆ. ಒಳಗೆ ಮಾವ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಸಂಜೆ ಚಹಾ ಕುಡಿದು ಲೋಟ ಕೆಳಗಿಡುವಾಗ ಶುರುವಾದ ನೋವು. ಯಾರೋ ಚೂರಿ ಹಾಕಿದ ಹಾಗೆ ಆಯಿತು ಅಂತ ಆಮೇಲೆ ಹೇಳಿದರು. ನಮ್ಮೂರಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಹಲಗೆಯ ಹಾಗೆ ಗಟ್ಟಿಯಾಗಿದೆ, ಇಲ್ಲಿ ಕೂತು ಪ್ರಯೋಜನ ಇಲ್ಲ, ಮಂಗಳೂರಿಗೆ ಓಡಿ ಅಂದಿದ್ದರು. ಜೋರು ಮಳೆ, ಹೆದ್ದಾರಿ ಅಗಲ ಮಾಡಲು ಅಗೆದು ಹಾಕಿದ ಮಣ್ಣು, ವೈಪರ್ ಸರಿ ಇಲ್ಲದ ಕಾರು. ಹೇಗೋ ತಲುಪಿದೆವು. ಮಾವನನ್ನು ನಿಲ್ಲಿಸಿ ಎಕ್ಸ್‌ರೇ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಚಿಕ್ಕ ಪ್ರಾಯದ ಡಾಕ್ಟರೊಬ್ಬರು ಹೊರಗೆ ಬಂದರು. ಇಬ್ಬರಲ್ಲಿ ಯಾರಿಗೆ ಹೇಳುವುದು ಅಂತ ಒಂದು ಗಳಿಗೆ ನೋಡಿ, ಅತ್ತೆಗೇ ಹೇಳಿದರು: "ಪರ್ಫರೇಷನ್ ಆಗಿದೆ ಅಮ್ಮ. ಈಗಲೇ ಆಪರೇಷನ್ ಮಾಡಬೇಕು."

ಅತ್ತೆ ತಲೆ ಅಲ್ಲಾಡಿಸಿದರು, ಗೊತ್ತಾಯಿತು ಅನ್ನುವ ಹಾಗೆ. ಡಾಕ್ಟರು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಅಲ್ಲ ಮಗಾ, ಪರ್ಫರೇಷನ್ ಇವರೇ ಅಲ್ವಾ ಮಾಡುವುದು?"

ನನಗೆ ನಗು ಬಂತು. ಆ ಹೊತ್ತಿನಲ್ಲಿ ಬರಬಾರದಿತ್ತು. ಆದರೆ ಅತ್ತೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಾವ ಮೂವತ್ತೆರಡು ವರ್ಷ ನನ್ನ ಅಪ್ಪನ ಪ್ರೆಸ್ಸಿನಲ್ಲಿ ಪರ್ಫರೇಷನ್ ಮೆಷಿನ್ ತುಳಿದವರು. ನಮ್ಮ ಎರಡೂ ಮನೆಗಳಲ್ಲಿ ಆ ಇಂಗ್ಲಿಷ್ ಪದ ಉಪ್ಪು, ಬೆಲ್ಲದ ಹಾಗೆ ಓಡಾಡಿಕೊಂಡಿತ್ತು. "ಇವತ್ತು ಪರ್ಫರೇಷನ್ ಜಾಸ್ತಿ ಉಂಟು, ಊಟಕ್ಕೆ ಕಾಯಬೇಡ" ಅಂತ ಮಾವ ಹೇಳಿ ಹೋಗುತ್ತಿದ್ದರು. ಅತ್ತೆಯ ಮಟ್ಟಿಗೆ ಅದು ಗಂಡನ ಉದ್ಯೋಗದ ಹೆಸರು. ಈಗ ಯಾರೋ ಅದನ್ನೇ ರೋಗದ ಹೆಸರಾಗಿ ಹೇಳಿದರೆ ಅವರಾದರೂ ಏನು ಮಾಡಬೇಕು?

ಹೊಟ್ಟೆಯೊಳಗೆ ತೂತು ಬಿದ್ದಿದೆ ಅತ್ತೆ, ಅಂದೆ. ಅವರಿಗೆ ಆಗ ಅರ್ಥವಾಯಿತು. ಅಲ್ಲೇ ಬೆಂಚಿನ ಮೇಲೆ ಕೂತರು.

ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಕಡೆ ಹುಣ್ಣಾಗಿ, ಹುಣ್ಣು ಗೋಡೆಯನ್ನೇ ಕೊರೆದಿತ್ತು. ಹೆಸರುಕಾಳಿನಷ್ಟು ತೂತು ಅಂತ ಡಾಕ್ಟರು ಆಮೇಲೆ ಬೆರಳ ತುದಿಯಲ್ಲಿ ತೋರಿಸಿದರು. ಅದರ ಮೂಲಕ ಒಳಗಿನ ಗಾಳಿ ಹೊರಬಂದು ಮೇಲೆ ಏರಿ, ಎಕ್ಸ್‌ರೇಯಲ್ಲಿ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಪರದೆಯ) ಅಡಿಗೆ ಕಪ್ಪು ಗೆರೆಯಾಗಿ ಕಾಣುತ್ತದೆ. ನಿಲ್ಲಿಸಿ ಎಕ್ಸ್‌ರೇ ತೆಗೆದದ್ದು ಅದಕ್ಕೆ. ಆಪರೇಷನ್ ಅಂದರೆ ತೇಪೆ ಹಾಕುವುದೇ. ಹೊಟ್ಟೆಯೊಳಗೆ ಸೆರಗಿನ ಹಾಗೆ ಇಳಿಬಿದ್ದಿರುವ ಕೊಬ್ಬಿನ ಪದರದ ಒಂದು ತುಂಡನ್ನು ತೂತಿನ ಮೇಲೆ ತಂದು ಹೊಲಿಯುತ್ತಾರೆ. ಕೊಡಪಾನಕ್ಕೆ ಎಂಸೀಲ್ ಹಚ್ಚಿದ ಹಾಗೆ ಅಂತ ಅತ್ತೆಗೆ ಹೇಳಿದೆ. ಅವರಿಗೆ ಅದೇ ಜಾಸ್ತಿ ಧೈರ್ಯ ಕೊಟ್ಟಿತು.

ಮೂರನೇ ದಿನ ಮಾವ ಸರಿಯಾಗಿ ಕಣ್ಣು ಬಿಟ್ಟು ಮಾತಾಡಿದರು. ಮೂಗಿನಲ್ಲಿ ನಳಿಗೆ, ಬಾಯಿ ಒಣಗಿದೆ, ನೀರು ಕೊಡುವ ಹಾಗಿಲ್ಲ. ಆದದ್ದೇನು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಮೇಲೆ ಸೂರು ನೋಡಿಕೊಂಡಿದ್ದು ಕೇಳಿದರು:

"ಎಷ್ಟು ತೂತು?"

"ಒಂದೇ ಮಾವ."

"ಒಂದೇ ತೂತಿಗೆ ಪರ್ಫರೇಷನ್ ಅಂತ ಹೇಳ್ತಾರಾ? ಅದಕ್ಕೆ ಸಾಲು ಬೇಕಲ್ಲ ಮಾರಾಯ."

ಈ ಮಾತು ನನ್ನನ್ನು ಒಂದು ವರ್ಷದಿಂದ ಕಾಡುತ್ತಾ ಇದೆ.

ಪ್ರೆಸ್ಸಿನ ಮೂಲೆ

ನಮ್ಮ ಪ್ರೆಸ್ಸು ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಚುನಾವಣೆ ನೋಟೀಸು ಎಲ್ಲ ಮಾಡುತ್ತಿದ್ದೆವು. ಆದರೆ ವರ್ಷವಿಡೀ ಅನ್ನ ಕೊಟ್ಟದ್ದು ರಶೀದಿ ಪುಸ್ತಕ. ಭಜನಾ ಮಂದಿರಕ್ಕೆ ಬೇಕು, ಮಸೀದಿ ಕಮಿಟಿಗೆ ಬೇಕು, ಯುವಕ ಸಂಘಕ್ಕೆ ಬೇಕು, ಹಾಲಿನ ಸೊಸೈಟಿಗೆ ಬೇಕು. ಡೇರೆ ಮೇಳ ಬಂದರೆ ಯಕ್ಷಗಾನದ ಟಿಕೆಟು. ನೆಲಕ್ಕೊಂದು ಬಣ್ಣ, ಬೆಂಚಿಗೊಂದು, ಕುರ್ಚಿಗೊಂದು. ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ, ಕೆಲವು ಎರಡರಲ್ಲೂ. ಅಚ್ಚುಮೊಳೆ ಜೋಡಿಸುವವರಿಗೆ ಭಾಷೆಯ ತಾಪತ್ರಯ ಇತ್ತು. ಮಾವನಿಗೆ ಇರಲಿಲ್ಲ. ಅವರ ಕೈಗೆ ಬರುವಾಗ ಎಲ್ಲವೂ ಬರೀ ಕಾಗದ.

ಮೆಷಿನ್ ಇದ್ದದ್ದು ಹಿಂದಿನ ಕೋಣೆಯ ಕಿಟಕಿ ಪಕ್ಕ. ಬೀಡುಕಬ್ಬಿಣದ ಮೇಜು, ಮೇಲೆ ಒಂದು ಅಡ್ಡ ಪಟ್ಟಿ, ಪಟ್ಟಿಯಲ್ಲಿ ಸಾಲಾಗಿ ಸೂಜಿಗಳು, ಇಂಚಿಗೆ ಹನ್ನೆರಡು. ಕೆಳಗೆ ಅಷ್ಟೇ ತೂತುಗಳಿರುವ ಇನ್ನೊಂದು ಪಟ್ಟಿ. ನಾಲ್ಕೈದು ಹಾಳೆ ಜೋಡಿಸಿ ಒಳಗೆ ಸರಿಸಿ, ಪೆಡಲ್ ತುಳಿದರೆ ಸೂಜಿಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಕರಕ್. ಎತ್ತಿದರೆ ಹಾಳೆಯಲ್ಲಿ ತೂತಿನ ಸಾಲು. ಮಾವ ಬಲಗಾಲಲ್ಲಿ ತುಳಿಯುತ್ತಾ ಎಡಗೈಯಲ್ಲಿ ಮುಂದಿನ ಹಾಳೆ ತಳ್ಳುತ್ತಾ ಬಾಯಲ್ಲಿ ತಾಳಮದ್ದಳೆಯ ಯಾವುದಾದರೂ ಪದ ಗುನುಗುತ್ತಿದ್ದರು. ತಾಳ ಮೆಷಿನ್ನಿನದು.

ಮೇಜಿನ ಕೆಳಗೆ ಒಂದು ತಗಡಿನ ಡಬ್ಬ. ಸೂಜಿ ಚುಚ್ಚಿ ಕತ್ತರಿಸಿದ ಕಾಗದದ ಚುಕ್ಕೆಗಳು ಅದಕ್ಕೆ ಬೀಳುತ್ತಿದ್ದವು. ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಬಿಳಿ, ಗುಲಾಬಿ, ಹಳದಿ. ಶಾಲೆ ಬಿಟ್ಟು ಪ್ರೆಸ್ಸಿಗೆ ಬಂದರೆ ನನ್ನ ಕೆಲಸ ಆ ಡಬ್ಬದಲ್ಲಿ ಕೈ ಆಡಿಸುವುದು. ಒಣಗಿದ ಕೈಯಾದರೆ ಜಾರುತ್ತಿದ್ದವು, ಬೆವತ ಕೈಯಾದರೆ ಮೊಣಕೈವರೆಗೂ ಅಂಟುತ್ತಿದ್ದವು. ಅಮ್ಮ ತಲೆ ಬಾಚುವಾಗ ಕೂದಲಿನಿಂದ ಉದುರುತ್ತಿದ್ದವು. ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿ ಇಟ್ಟುಕೊಂಡಿದ್ದೆ, ಯಾತಕ್ಕೆ ಅಂತ ಗೊತ್ತಿಲ್ಲ. ತಂಗಿಯ ಮದುವೆಯ ದಿನ ಯಾರೋ ಮಕ್ಕಳು ಅದನ್ನು ಹುಡುಕಿ ತೆಗೆದು ಮದುಮಕ್ಕಳ ಮೇಲೆ ಎರಚಿದರು. ಊಟದ ಎಲೆಯ ಮೇಲೂ ಬಿತ್ತು. ಅದು ಬೇರೆ ಕತೆ.

ಮಾವನಿಗೆ ಒಳ್ಳೆಯ ಪರ್ಫರೇಷನ್ ಅಂದರೆ ಏನು ಅನ್ನುವುದರ ಬಗ್ಗೆ ಖಚಿತ ಅಭಿಪ್ರಾಯ ಇತ್ತು. ಪುಸ್ತಕ ಬ್ಯಾಗಿನಲ್ಲಿ ಹಾಕಿಕೊಂಡು ಊರೆಲ್ಲ ಸುತ್ತಿದರೂ ಹಾಳೆ ತನ್ನಷ್ಟಕ್ಕೆ ಬಿಡಬಾರದು. ಹರಿದರೆ ಒಂದೇ ಎಳೆತಕ್ಕೆ ಬರಬೇಕು, ಗೆರೆ ಬಿಟ್ಟು ಆಚೆ ಈಚೆ ಹೋಗಬಾರದು. ಇದಕ್ಕೆ ತೂತು ಎಷ್ಟು ಮುಖ್ಯವೋ ಎರಡು ತೂತಿನ ನಡುವೆ ಉಳಿದ ಕಾಗದವೂ ಅಷ್ಟೇ ಮುಖ್ಯ. ಅವರು ಅದನ್ನು "ಸೇತು" ಅನ್ನುತ್ತಿದ್ದರು. ಎಲ್ಲಿಂದ ಕಲಿತರೋ. ಸೂಜಿ ಮೊಂಡಾದರೆ ಚುಕ್ಕೆ ಪೂರ್ತಿ ಕತ್ತರಿಸುವುದಿಲ್ಲ, ಒಂದು ಬದಿ ಹಿಡಿದುಕೊಂಡು ನೇತಾಡುತ್ತದೆ. ಹಾಳೆಯ ಹಿಂಬದಿಗೆ ಹೆಬ್ಬೆರಳು ಎಳೆದರೆ ಅವರಿಗೆ ತಿಳಿಯುತ್ತಿತ್ತು, ಯಾವ ಸೂಜಿ ಮೊಂಡು, ಯಾವುದು ಮುರಿದಿದೆ ಅಂತ. ನೋಡಬೇಕಾಗಿಯೇ ಇರಲಿಲ್ಲ.

ನೇತಾಡುವ ಚುಕ್ಕೆ ಅಂದಾಗ ನೆನಪಾಯಿತು. 2000ದಲ್ಲಿ ಅಮೆರಿಕದ ಅಧ್ಯಕ್ಷ ಯಾರು ಅನ್ನುವುದು ಇದೇ ಚುಕ್ಕೆಗೆ ಬಂದು ನಿಂತಿತ್ತು. ಫ್ಲೋರಿಡಾದಲ್ಲಿ ಎಷ್ಟೋ ಕಡೆ ಮತದಾರರು ಕಾರ್ಡಿನಲ್ಲಿ ತೂತು ಹೊಡೆದು ಮತ ಹಾಕಬೇಕಿತ್ತು. ಕೆಲವರ ಕಾರ್ಡಿನಲ್ಲಿ ಕಾಗದದ ತುಣುಕು ಬೀಳದೆ ಹಾಗೇ ನೇತಾಡುತ್ತಾ ಇತ್ತು. ಅದು ಮತ ಹೌದೋ ಅಲ್ಲವೋ? ಅಧಿಕಾರಿಗಳು ಭೂತಗನ್ನಡಿ ಹಿಡಿದು ಕಾರ್ಡನ್ನು ಬೆಳಕಿಗೆ ಎತ್ತಿ ನೋಡುವ ಫೋಟೋ ಪೇಪರಿನಲ್ಲಿ ಬಂತು. ಕೊನೆಗೆ ಬುಷ್ ಗೆದ್ದದ್ದು 537 ಮತಗಳಲ್ಲಿ. ಮಾವ ಫೋಟೋ ನೋಡಿ ಹೇಳಿದ್ದು ಒಂದೇ ಮಾತು: "ಸೂಜಿ ಮೊಂಡು." (ನಮ್ಮ ಮಂಜೇಶ್ವರದವರು 2016ರಲ್ಲಿ 89 ಮತಗಳ ಅಂತರದಲ್ಲಿ ಶಾಸಕರನ್ನು ಆರಿಸಿದ್ದಾರೆ. ಪುಣ್ಯಕ್ಕೆ ನಮಗೆ ಕಾರ್ಡು ಇರಲಿಲ್ಲ, ಮೆಷಿನ್ ಇತ್ತು.)

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಅನಾಹುತ ಮಾಡಿದೆ. ಒಂದು ದೇವಸ್ಥಾನದ ಜೀರ್ಣೋದ್ಧಾರದ ರಶೀದಿ. ಅಚ್ಚು ಮುಗಿದು, ನಂಬರು ಬಿದ್ದು, ಪರ್ಫರೇಷನ್‌ಗೆ ಕಾಯುತ್ತಾ ಇತ್ತು. ಮಾವ ಚಹಾಕ್ಕೆ ಹೋಗಿದ್ದರು. ಕಾಲು ಪೆಡಲಿಗೆ ಎಟಕುತ್ತದಾ ನೋಡುವ ಅಂತ ನಿಂತೆ. ಎಟಕಿತು. ಐದು ಹಾಳೆ ತಳ್ಳಿದೆ. ಕರಕ್. ಮತ್ತೆ ಐದು. ಎಷ್ಟು ಹಿತವಾದ ಶಬ್ದ ಅಂದರೆ, ಮಾವ ವಾಪಸು ಬರುವಾಗ ನಾನು ಇನ್ನೂರಕ್ಕೂ ಜಾಸ್ತಿ ಹಾಳೆ ಮುಗಿಸಿದ್ದೆ. ಎಲ್ಲದರಲ್ಲೂ ತೂತಿನ ಸಾಲು ಬಿದ್ದದ್ದು ಕೌಂಟರ್‌ಫಾಯಿಲಿನ ಗೆರೆಯ ಮೇಲಲ್ಲ, ರಶೀದಿಯ ನಟ್ಟನಡುವೆ, "ರೂಪಾಯಿ" ಅನ್ನುವ ಅಕ್ಷರಗಳನ್ನು ಸೀಳಿಕೊಂಡು.

ಅಪ್ಪ ಹೊಡೆಯಲು ಬಂದರು. ಮಾವ ಅಡ್ಡ ನಿಂತರು. "ಬಿಡಿ ಭಾವ, ಹೊಡೆದರೆ ತೂತು ಮುಚ್ಚುತ್ತದಾ?" ಅಂದರು. ಆಮೇಲೆ ನನ್ನನ್ನು ಹತ್ತಿರ ಕರೆದು ಒಂದು ಹಾಳೆ ಕೈಗೆ ಕೊಟ್ಟರು. ಅಚ್ಚಿನಲ್ಲಿ ಅಕ್ಷರ ತಪ್ಪಿದರೆ ಮೊಳೆ ಕಿತ್ತು ಬೇರೆ ಹಾಕಬಹುದು, ಕಲೆಯಾದರೆ ಉಜ್ಜಬಹುದು, ತೂತು ಬಿದ್ದ ಕಾಗದಕ್ಕೆ ಮಾತ್ರ ಮದ್ದಿಲ್ಲ ಅಂತ ಹೇಳಿದರು. ಬೈಗುಳ ಇಷ್ಟೇ. ಅಪ್ಪ ಆ ಹಾಳೆಗಳನ್ನು ಬಿಸಾಡಲಿಲ್ಲ. ಹಿಂಬದಿ ಖಾಲಿ ಇತ್ತಲ್ಲ. ಕಟ್ಟಿ ಚೀಟಿ ಪುಸ್ತಕ ಮಾಡಿದರು. ಮುಂದೆ ಎರಡು ವರ್ಷ ನಮ್ಮ ಮನೆಯ ಜೀನಸು ಚೀಟಿ ಅದರಲ್ಲೇ. ಅಂಗಡಿಗೆ ಹೋಗುವ ದಾರಿಯಲ್ಲಿ ಚೀಟಿ ನಡುವಿನಿಂದ ಎರಡಾಗುತ್ತಿತ್ತು. ಅಕ್ಕಿ, ಬೇಳೆ, ಮೆಣಸು ನನ್ನ ಕೈಯಲ್ಲಿ. ಸಾಬೂನು, ಸೀಮೆಎಣ್ಣೆ, ಬೆಂಕಿಪೊಟ್ಟಣ ರಸ್ತೆಯಲ್ಲಿ ಎಲ್ಲೋ. ಅಮ್ಮನ ಬೈಗುಳ ಮಾತ್ರ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ.

ಇಲ್ಲಿ ಹರಿಯಿರಿ

ರಶೀದಿಯ ಗೆರೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಇಲ್ಲಿ ಹರಿಯಿರಿ" ಅಂತ ಹಾಕುವ ಕ್ರಮ ಇತ್ತು. ಮಲಯಾಳದ್ದಾದರೆ "ಇವಿಡೆ ಕೀರುಕ". ಅವರ ಕೀರುವುದು ನಮ್ಮ ಕಿವಿಗೆ ಗೀರಿದ ಹಾಗೆ ಕೇಳುತ್ತದೆ. ನಮ್ಮ ಹರಿಯುವುದು ಇನ್ನೂ ಮಜಾ. ಬಟ್ಟೆಯೂ ಹರಿಯುತ್ತದೆ, ಹೊಳೆಯೂ ಹರಿಯುತ್ತದೆ. ಒಮ್ಮೆ ಭಜನಾ ಮಂದಿರದ ಹಿರಿಯರೊಬ್ಬರು ಪ್ರೂಫ್ ನೋಡುತ್ತಾ ಅಲ್ಲಿಗೆ ಬಂದು ನಿಂತರು. ಅಪ್ಪನಿಗೆ ಗಾಬರಿ, ಏನು ತಪ್ಪಾಯಿತೋ ಅಂತ. ಹಿರಿಯರು ಹೇಳಿದರು: "ಹರಿ ಅಂತ ಉಂಟಲ್ಲ, ಅದನ್ನು ಸ್ವಲ್ಪ ದಪ್ಪ ಮಾಡಿ."

ಇಷ್ಟು ಸಾದಾ ಉಪಾಯ ಮನುಷ್ಯನಿಗೆ ಹೊಳೆಯಲು ತಡವಾದದ್ದು ಆಶ್ಚರ್ಯ. ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ, ಪೆನ್ನಿ ಬ್ಲ್ಯಾಕ್, ಇಂಗ್ಲೆಂಡಿನಲ್ಲಿ 1840ರಲ್ಲಿ ಬಂತು. ಅದಕ್ಕೆ ತೂತೇ ಇರಲಿಲ್ಲ. ಅಂಚೆಯವರು ಕತ್ತರಿ ಹಿಡಿದು ಒಂದೊಂದಾಗಿ ಕತ್ತರಿಸಿ ಕೊಡಬೇಕು. ಅವಸರದಲ್ಲಿ ಪಕ್ಕದ ಚೀಟಿಯ ಅಂಚೂ ಹೋಗುತ್ತಿತ್ತು. ಹೆನ್ರಿ ಆರ್ಚರ್ ಎಂಬ ಐರ್ಲೆಂಡಿನವನು ತೂತು ಹೊಡೆಯುವ ಯಂತ್ರ ಮಾಡಿದ. ಸರಕಾರ 1853ರಲ್ಲಿ 4,000 ಪೌಂಡ್ ಕೊಟ್ಟು ಅದರ ಹಕ್ಕು ತೆಗೆದುಕೊಂಡಿತು. 1854ರಲ್ಲಿ ತೂತಿನ ಅಂಚೆಚೀಟಿ ಶುರು. ನಮ್ಮ ದೇಶಕ್ಕೆಲ್ಲ ಒಂದೇ ಅಂಚೆಚೀಟಿ ಬಂದದ್ದೂ ಅದೇ 1854ರಲ್ಲಿ, ಅದು ಮಾತ್ರ ತೂತಿಲ್ಲದ್ದು. ಮರುವರ್ಷ ಲಂಡನ್ನಿನಲ್ಲಿ ಅಚ್ಚಾಗಿ ಬಂದವಕ್ಕೆ ತೂತು ಇತ್ತು.

ನನಗೆ ತುಂಬಾ ಹಿಡಿಸಿದ ಸಂಗತಿ ಬೇರೆ. ಅಂಚೆಚೀಟಿಯ ತೂತನ್ನು ಎರಡು ಸೆಂಟಿಮೀಟರಿಗೆ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಇಂಗ್ಲೆಂಡಿನವರು ಮೊದಲು 16 ಇಟ್ಟರು. ಜಾಸ್ತಿ ತೂತು, ಜಾಸ್ತಿ ಸುಲಭ ಅನ್ನುವ ಲೆಕ್ಕ ಇರಬೇಕು. ಹಾಳೆಗಳು ಮುಟ್ಟಿದರೆ ಬಿಚ್ಚಿಕೊಳ್ಳತೊಡಗಿದವು. ಸೇತು ಸಣ್ಣದಾಗಿತ್ತು. ಒಂದೇ ವರ್ಷದಲ್ಲಿ 14ಕ್ಕೆ ಇಳಿಸಿದರು. ಇದನ್ನು ಮಾವನಿಗೆ ಆಸ್ಪತ್ರೆಯಲ್ಲೇ ಓದಿ ಹೇಳಿದೆ. ನಳಿಗೆಯ ನಡುವೆಯೂ ಮುಖ ಅರಳಿತು. "ನನ್ನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ" ಅಂದರು.

ಇದೇ ಸಾಲು ತೂತು ಆಮೇಲೆ ಎಲ್ಲೆಲ್ಲೋ ಹೋಯಿತು. ಸಿನಿಮಾ ರೀಲಿನ ಅಂಚಿಗೆ ಹೋಯಿತು, ಒಂದೊಂದು ಚಿತ್ರಕ್ಕೆ ಬದಿಗೆ ನಾಲ್ಕು ತೂತು, ಸೆಕೆಂಡಿಗೆ 24 ಚಿತ್ರ. ಬ್ಯಾಂಕಿನಲ್ಲಿ ಕಿರ್‌ಕಿರ್ ಅನ್ನುತ್ತಿದ್ದ ಹಳೇ ಪ್ರಿಂಟರಿನ ಕಾಗದದ ಎರಡೂ ಬದಿಗೆ ಬಂತು. ಈಗ ಮಾತ್ರೆಯ ಪಟ್ಟಿಯಲ್ಲೂ ಇದೆ. ಎಲ್ಲದರಲ್ಲಿ ಇಲ್ಲ, ಅದು ಮಾವನ ದೊಡ್ಡ ತಕರಾರು. ತೂತು ಇಲ್ಲದ ಪಟ್ಟಿಯಾದರೆ ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರೆ, ತಾರೀಕು ಇರುವ ತುಂಡು ಅವರ ಹತ್ತಿರವೇ ಉಳಿಯುತ್ತದೆ. ತೂತು ಇದ್ದರೆ ಬೇಕಾದಷ್ಟೇ ನೀಟಾಗಿ ಹರಿದುಕೊಳ್ಳಬಹುದು. ಮಾವ ಹಾಗೆಯೇ ಹರಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಒಂದು, ಮೊಣಕಾಲು ಜಾಸ್ತಿ ಎಳೆದರೆ ರಾತ್ರಿ ಇನ್ನೊಂದು. ಮೂವತ್ತೆರಡು ವರ್ಷ ಪೆಡಲ್ ತುಳಿದ ಬಲ ಮೊಣಕಾಲು ಅದು. ನೋವಿನ ಮಾತ್ರೆ ಎಷ್ಟು ವರ್ಷದಿಂದ ತಿನ್ನುತ್ತಾ ಇದ್ದೀರಿ ಅಂತ ಡಾಕ್ಟರು ಕೇಳಿದಾಗ ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು, ಒಂದು ಕೈ ಸಾಲಲಿಲ್ಲ. ಆ ಜಾತಿಯ ಮಾತ್ರೆಗಳು ಜಠರದ ಒಳಪದರದ ಕಾವಲನ್ನು ತೆಗೆದು ಹಾಕುತ್ತವಂತೆ. ಕಾವಲು ಹೋದ ಮೇಲೆ ಅನ್ನ ಕರಗಿಸುವ ಆಮ್ಲವೇ ಗೋಡೆಯನ್ನೂ ಕರಗಿಸುತ್ತದೆ.

ಕಣ್ಣು, ತೂತು, ಒಟ್ಟೆ

ಮಾವನ ಪ್ರಶ್ನೆಗೆ ಉತ್ತರ ಹುಡುಕಿದೆ. ನಿಘಂಟಿನ ಲೆಕ್ಕದಲ್ಲಿ ಡಾಕ್ಟರೇ ಸರಿ. ಲ್ಯಾಟಿನ್ನಿನಲ್ಲಿ ಪೆರ್ ಅಂದರೆ ಈ ಬದಿಯಿಂದ ಆ ಬದಿಗೆ, ಫೊರಾರೆ ಅಂದರೆ ಕೊರೆ. ಆರುಪಾರು ಕೊರೆದರೆ ಆಯಿತು, ಒಂದಾದರೇನು, ನೂರಾದರೇನು. ಕಾಗದಕ್ಕೆ ಸಾಲು ತೂತು ಬೀಳುವ ಎಷ್ಟೋ ಮೊದಲೇ ವೈದ್ಯರು ಈ ಪದ ಬಳಸುತ್ತಿದ್ದರು. ಆದರೂ ನನಗೆ ಮಾವನ ಮಾತೇ ಸರಿ ಅನಿಸುತ್ತದೆ. ಒಂದು ಬೇಕೆಂದು ಮಾಡಿದ್ದು, ಅಳತೆ ಇಟ್ಟು ಮಾಡಿದ್ದು, ನಡುವೆ ಸೇತು ಬಿಟ್ಟು ಮಾಡಿದ್ದು. ಇನ್ನೊಂದು ಸುಮ್ನೆ ಆಗಿಹೋದದ್ದು. ಎರಡಕ್ಕೂ ಒಂದೇ ಹೆಸರಿಟ್ಟರೆ ಅತ್ತೆಯ ಹಾಗೆ ಯಾರಾದರೂ ಕಕ್ಕಾಬಿಕ್ಕಿ ಆಗುವವರೇ.

ನಮ್ಮಲ್ಲಿ ಹಾಗಿಲ್ಲ ಅಲ್ವಾ ಅಂತ ಯೋಚಿಸಿದೆ. ಅಡುಗೆ ಮನೆಗೆ ಹೋಗಿ ನೋಡಿ. ಜರಡಿಗೆ ಇರುವುದು ಕಣ್ಣು. "ಸಣ್ಣ ಕಣ್ಣಿನ ಜರಡಿ ಕೊಡಿ" ಅಂತ ಕೇಳುತ್ತೇವೆ. ಸೂಜಿಗೆ ಕಣ್ಣು, ಬಲೆಗೆ ಕಣ್ಣು, ತೆಂಗಿನಕಾಯಿಗೆ ಮೂರು ಕಣ್ಣು. ಅದೇ ಜರಡಿ ತುಕ್ಕು ಹಿಡಿದು ಎರಡು ಕಣ್ಣು ಒಂದಾಯಿತು ಅನ್ನಿ, ಕೂಡಲೇ "ಜರಡಿ ತೂತಾಗಿದೆ" ಅನ್ನುತ್ತೇವೆ! ಮೈಯೆಲ್ಲ ತೂತೇ ಇರುವ ಸಾಮಾನಿಗೆ ತೂತಾಗಿದೆ ಅನ್ನುವುದು ಹೇಗೆ? ಯಾಕೆಂದರೆ ಬೇಕಾದದ್ದು ಕಣ್ಣು, ಬೇಡದ್ದು ತೂತು. ಗೋಡೆಯಲ್ಲಿ ನಾವೇ ಬಿಟ್ಟರೆ ಕಿಂಡಿ, ಇಲಿ ಮಾಡಿದರೆ ಬಿಲ. ಗುಡ್ಡ ಕೊರೆದು ನೀರು ತಂದರೆ ಸುರಂಗ. ನಮ್ಮ ಬಾಯಾರು ಕಡೆ ಮುರಕಲ್ಲಿನ ಗುಡ್ಡಗಳಲ್ಲಿ ಅಂಥ ಎಷ್ಟೊಂದು ಸುರಂಗ, ಒಬ್ಬ ಮನುಷ್ಯ ಗುದ್ದಲಿ ಹಿಡಿದು ನುಗ್ಗುವಷ್ಟೇ ಅಗಲ. ಯಾರೂ ಗುಡ್ಡ ತೂತಾಗಿದೆ ಅನ್ನುವುದಿಲ್ಲ. ಮಗುವಿನ ಕಿವಿ ಚುಚ್ಚಿಸಿದರೆ ಪಾಯಸದ ಊಟ, ಅದೇ ಕಿವಿಯ ತಮಟೆಗೆ ತೂತು ಬಿದ್ದರೆ ಹತ್ತಿ ಇಟ್ಟುಕೊಂಡು ಡಾಕ್ಟರಲ್ಲಿಗೆ ಓಟ. ಉದ್ದಿನವಡೆಯ ತೂತು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಇರಲಿ, ಅದು ರುಚಿಯಾಗಿದೆ.

ಮನೆಮಾತಿನಲ್ಲಿ ನಾವು ತೂತು ಅನ್ನುವುದಕ್ಕಿಂತ ಜಾಸ್ತಿ "ಒಟ್ಟೆ" ಅನ್ನುತ್ತೇವೆ. ತುಳುವಿನಲ್ಲೂ ಒಟ್ಟೆ. ಮಲಯಾಳದವರಿಗೆ ಓಟ್ಟ. ಕೊಡಪಾನ ಸೋರಿದರೆ ಕಾಸರಗೋಡಿನಲ್ಲಿ ಯಾವ ಭಾಷೆಯವರಿಗಾದರೂ ಅರ್ಥವಾಗುತ್ತದೆ. ಪರ್ಫರೇಷನ್‌ಗೆ ಕನ್ನಡದಲ್ಲಿ ರಂಧ್ರೀಕರಣ ಅಂತ ಹೇಳಬಹುದು, ಹೇಳಿದರೆ ತಪ್ಪಿಲ್ಲ. ಆದರೆ ಆ ರಾತ್ರಿ ವರಾಂಡದಲ್ಲಿ ಡಾಕ್ಟರು ಅತ್ತೆಗೆ "ರಂಧ್ರೀಕರಣವಾಗಿದೆ" ಅಂದಿದ್ದರೆ? ಒಟ್ಟೆಯಾಗಿದೆ ಅಂದಿದ್ದರೆ ಸಾಕಿತ್ತು.

ಎಲ್ಲರ ಮನೆ ದೋಸೆಯೂ ತೂತೇ ಅನ್ನುವ ಗಾದೆ ಇದೆಯಲ್ಲ. ಆಸ್ಪತ್ರೆಗೆ ನೋಡಲು ಬಂದ ಪ್ರತಿಯೊಬ್ಬರೂ ಅತ್ತೆಗೆ ಇದನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಅವರ ಭಾವನಿಗೂ ಹೀಗೇ ಆಗಿತ್ತು, ಇವರ ಪಕ್ಕದ ಮನೆಯವರಿಗೆ ಟೈಫಾಯಿಡ್ ಆಗಿ ಕರುಳೇ ತೂತಾಗಿತ್ತು, ಇನ್ನೊಬ್ಬರ ಮಗನಿಗೆ ಅಪೆಂಡಿಕ್ಸ್ ಒಡೆದಿತ್ತು. ಎಲ್ಲರೂ ಬದುಕಿ ಉಳಿದವರೇ. ಸತ್ತವರ ಕತೆ ಯಾರೂ ಹೇಳಲಿಲ್ಲ. ಅಷ್ಟು ನಾಜೂಕು ನಮ್ಮ ಜನಕ್ಕೆ ಇದೆ.

ಚುಕ್ಕೆ ಗೆರೆ

ಶಾಲೆಯಲ್ಲಿ ಭೂಪಟ ಬರೆಯುವಾಗ ರಾಜ್ಯದ ಗಡಿಗೆ ಚುಕ್ಕೆ, ಗೆರೆ, ಚುಕ್ಕೆ, ಗೆರೆ ಹಾಕಿಸುತ್ತಿದ್ದರು. ಪ್ರೆಸ್ಸಿನ ಮನೆಯ ಹುಡುಗನಾದ ನನಗೆ ಅದು ನೋಡಿದ ಕೂಡಲೇ ಪರ್ಫರೇಷನ್. ಇಲ್ಲಿ ಹರಿಯಿರಿ! ಒಮ್ಮೆ ಪೆನ್ಸಿಲಿನ ಮೊನೆಯಲ್ಲಿ ಆ ಚುಕ್ಕೆಗಳನ್ನೆಲ್ಲ ಚುಚ್ಚಿ ಕೇರಳವನ್ನು ಬೇರೆ ತೆಗೆದಿದ್ದೆ. ಟೀಚರು ಕಿವಿ ಹಿಂಡಿದರು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ನಮ್ಮ ತಾಲೂಕನ್ನು ತೆಗೆದು ಕೇರಳಕ್ಕೆ ಸೇರಿಸಿದ್ದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ ಕರ್ನಾಟಕಕ್ಕೆ ಕೊಡಿ ಅಂದದ್ದು, ಅದು ಹಾಗೇ ಉಳಿದದ್ದು, ಎಲ್ಲ ನಿಮಗೆ ಗೊತ್ತಿರುವುದೇ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ಮಾವನ ಕಣ್ಣಿನಿಂದ ನೋಡಿದರೆ ನನಗೆ ಕಾಣುವುದು ತೂತಲ್ಲ, ಸೇತು. ಮಂಗಳೂರಿಗೆ ಹೋಗುವ ಬಸ್ಸು, ಅಡಿಕೆ ಕೊಡುವ ಮಂಡಿ, ಪುತ್ತೂರಿನ ಹೆಣ್ಣು, ಸುಳ್ಯದ ಗಂಡು, ಆಚೆಯಿಂದ ಈಚೆ ಬಂದು ಲಾಟರಿ ಟಿಕೆಟು ಕೊಳ್ಳುವವರು, ಈಚೆಯಿಂದ ಆಚೆ ಹೋಗುವ ರೋಗಿಗಳು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬ್ಯುಲೆನ್ಸುಗಳು ತಲಪಾಡಿಯಲ್ಲಿ ನಿಂತವು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮಾವನ ಹೊಟ್ಟೆ ಆ ವಾರ ತೂತಾಗಿದ್ದರೆ ಅಂತ ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ. ಇನ್ನೂ ಬರೆದರೆ ಈ ಹೋಲಿಕೆ ಎಳೆದು ಎಳೆದು ತಪ್ಪು ಕಡೆ ಹರಿಯುತ್ತದೆ. ಇಲ್ಲಿಗೆ ಬಿಡುತ್ತೇನೆ.

ಹೊಲಿಗೆ ಬಿಚ್ಚಿದ ದಿನ

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಮನೆಗೆ ಹೋಗುವ ಮೊದಲು ವಿಮೆಯ ಒಂದು ಫಾರಂ ಕೊಟ್ಟರು, ತುಂಬಿಸಿ ಕೆಳಗಿನ ಅರ್ಧ ಹರಿದು ಕೊಡಿ ಅಂತ. ಫಾರಮ್ಮಿನಲ್ಲಿ ಚುಕ್ಕೆ ಗೆರೆ ಇತ್ತು, ಪಕ್ಕದಲ್ಲಿ ಸಣ್ಣ ಕತ್ತರಿಯ ಚಿತ್ರವೂ ಇತ್ತು. ಮಾವ ಅಭ್ಯಾಸದಲ್ಲಿ ಹಿಂಬದಿಗೆ ಹೆಬ್ಬೆರಳು ಎಳೆದರು. ನುಣ್ಣಗೆ. ಬರೀ ಅಚ್ಚು ಮಾಡಿದ ಚುಕ್ಕೆ, ತೂತು ಇಲ್ಲ. "ಕಳ್ಳರು" ಅಂದರು. ಗೆರೆಯಲ್ಲಿ ಮಡಚಿ, ಉಗುರಿನಲ್ಲಿ ಎರಡು ಸಲ ಎಳೆದು, ಬಿಚ್ಚಿ, ಆ ಕಡೆಗೆ ಮಡಚಿ, ಮತ್ತೆ ಎರಡು ಸಲ ಎಳೆದು ಹರಿದರು. ದಾರ ಹಿಡಿದ ಹಾಗೆ ಬಂತು. ಕೌಂಟರಿನ ಹುಡುಗಿ ಅದನ್ನು ನೋಡದೆ ಸ್ಟೇಪ್ಲರ್ ಹೊಡೆದು ಫೈಲಿಗೆ ಹಾಕಿದಳು.

ಮನೆಗೆ ಬಂದ ರಾತ್ರಿ ಅಂಗಿ ಮೇಲೆತ್ತಿ ಕನ್ನಡಿಯ ಮುಂದೆ ನಿಂತಿದ್ದರು. ಎದೆಗೂಡಿನ ಕೆಳಗಿನಿಂದ ಹೊಕ್ಕುಳದ ಹತ್ತಿರದವರೆಗೆ ಉದ್ದ ಗಾಯ. ಅದರ ಎರಡೂ ಬದಿಗೆ ಹೊಲಿಗೆ ಹಾಕಿದ ಗುರುತು, ಸಾಲಾಗಿ, ಕೆಂಪು ಚುಕ್ಕೆಗಳು. ನನ್ನನ್ನು ಕರೆದರು.

"ನೋಡು ಅಳಿಯ. ಇದಕ್ಕೆ ಹೇಳಬಹುದು ಪರ್ಫರೇಷನ್ ಅಂತ. ಒಂದು ತೂತು ಮುಚ್ಚಲಿಕ್ಕೆ ಎಷ್ಟು ತೂತು ಮಾಡಿದ್ದಾರೆ!"

ಹೆಬ್ಬೆರಳನ್ನು ಸಾಲಿನ ಮೇಲೆ ಮೆಲ್ಲಗೆ ಇಳಿಸಿದರು, ಪ್ರೆಸ್ಸಿನಲ್ಲಿ ಹಾಳೆಯ ಹಿಂಬದಿಗೆ ಎಳೆಯುತ್ತಿದ್ದ ಹಾಗೆ. ತುಟಿಯಲ್ಲೇ ಲೆಕ್ಕ ಮಾಡಿದರು.

"ಇಂಚಿಗೆ ಎರಡು. ಸೇತು ಒಳ್ಳೆ ಅಗಲ ಉಂಟು. ಹರಿಯುವುದಿಲ್ಲ."

"ಅಂಗಿ ಇಳಿಸಿ, ಥಂಡಿ ಆಗ್ತದೆ" ಅಂತ ಅತ್ತೆ ಒಳಗಿನಿಂದ ಕೂಗಿದರು. ಗಂಜಿ ಬಡಿಸಿ ಆಗಿತ್ತು.